ಗಾಳಿಯ ಊರಿನಲ್ಲಿ ಗಾಳಿ ಹುಡುಕಿದ್ದು

ರಿಯೊ ಮಾಯೊದಲ್ಲಿ ಗಾಳಿಗೆ ರಜೆಯಿಲ್ಲ.
ನನ್ನ ಶೆಡ್ಡಿನ ತಗಡು ಹಗಲೂ ರಾತ್ರಿ ಹಲ್ಲು ಕಡಿಯುತ್ತದೆ.
ಆ ಸದ್ದಿನ ನಡುವೆಯೂ ಕೇಳಿಸಿತು
ಓವಿಡಿಯೊನ ಪಿಕಪ್ಪು ಬಂದು ನಿಂತದ್ದು,
ನಿಂತ ಮೇಲೂ ಓಡುತ್ತಿದ್ದದ್ದು:
ಉಂ… ಊಂಊಂ… ಉಂ… ಊಂಊಂ…
ನಿದ್ದೆಯಲ್ಲೇ ಮೊಲ ಅಟ್ಟುವ ನಾಯಿಯ ಹಾಗೆ.

"ಕಾಲು ತೆಗೆದರೂ ಇಳಿಯಲ್ಲ ನೆಲಿಡಾ,
ಎರಡು ಸಾವಿರಕ್ಕೆ ಏರ್ತದೆ, ಸಾವಿರಕ್ಕೆ ಬೀಳ್ತದೆ, ಮತ್ತೆ ಏರ್ತದೆ.
ಗೇಟಿನ ಹತ್ತಿರ ಬ್ರೇಕಿನ ಮೇಲೆ ನಿಂತೇ ನಿಲ್ಲಿಸಬೇಕು."
ಮೂವತ್ತು ವರ್ಷ ಉಣ್ಣೆ ಕತ್ತರಿಸಿದ ಕೈ
ಗಾಳಿಯಲ್ಲೇ ಆ ಏರಿಳಿತ ಬರೆದು ತೋರಿಸಿತು.
ಪಕ್ಕದ ಸೀಟಿನಲ್ಲಿ ಮೊಮ್ಮಗಳು, ಐಲೆನ್.
ಅವರ ಹಳೆಯ ಭಾಷೆಯಲ್ಲಿ ಐಲೆನ್ ಅಂದರೆ ಕೆಂಡ.

ಐಡಲ್ ಏರಿದರೆ ಮೊದಲು ಕಳ್ಳಗಾಳಿಯನ್ನು ಹಿಡಿ,
ಅಪ್ಪ ಕಲಿಸಿದ ಮೊದಲ ಪಾಠ.
ಹಿಂಬಾಗಿಲಿಂದ ನುಗ್ಗಿದ ಉಸಿರಿಗೆ ಎಂಜಿನ್ ಲೆಕ್ಕ ಇಡಲಾರದು.
ಒಂದೊಂದೇ ರಬ್ಬರ್ ಪೈಪಿನ ಕುತ್ತಿಗೆಗೆ ಕ್ಲೀನರ್ ಸಿಂಪಡಿಸಿ
ಕಿವಿಯಿಟ್ಟು ನಿಂತೆ.
ಸದ್ದು ಬದಲಾಯಿತು ಒಮ್ಮೆ;
ಹೊರಗೆ ಉಣ್ಣೆಯ ಲಾರಿ ಹೋಗುತ್ತಿತ್ತು.
ಥ್ರಾಟಲಿನ ಮಸಿಯನ್ನು ನನ್ನದೇ ಹಳೆಯ ಹಲ್ಲಿನ ಬ್ರಷ್ಷಿನಿಂದ ತಿಕ್ಕಿದೆ.
ಕೇಬಲ್ ಸಡಿಲಿಸಿದೆ, ಬಿಗಿ ಮಾಡಿದೆ, ಬೈದೆ.
ಗ್ಯಾಸ್ಕೆಟ್ಟನ್ನೂ ಬದಲಿಸಿದೆ, ಚೆನ್ನಾಗಿಯೇ ಇದ್ದದ್ದನ್ನು.
ಉಂ… ಊಂಊಂ…

"ಕಾಲು ಚಳಿ" ಅಂದಿತು ಹುಡುಗಿ.
ಬಿಸಿ ಮಾಟೆಯ ಬುರುಡೆ ಅವಳ ಕೈಗಿತ್ತೆ.
ಮರುದಿನವೂ ಅಂದಿತು. ಮರುದಿನವೂ ಇತ್ತೆ.
ಹೆಸರು ಕೆಂಡ, ಕಾಲು ಮಂಜುಗಡ್ಡೆ ಎಂದು ನಕ್ಕೆವು, ದೊಡ್ಡವರಿಬ್ಬರು.
ಮೂರನೆಯ ದಿನ ಅವಳಿಗೆ ಸಿಟ್ಟು ಬಂತು.
ಡ್ಯಾಶ್‌ಬೋರ್ಡಿಗೆ ಬೂಟಿನಿಂದಲೇ ಒದ್ದು,
"ಇದು ಬರೀ ತಣ್ಣಗೆ ಊದ್ತದೆ!
ಅಜ್ಜ ಪೈಪು ಕಟ್ಟಿದ ದಿನದಿಂದ!"

ಸ್ಪ್ಯಾನರ್ ಕೆಳಗಿಟ್ಟೆ.
"ಯಾವ ಪೈಪು, ಓವಿಡಿಯೊ?"

ಅವನು ಟೋಪಿ ತೆಗೆದ.
ಜೂನಿನಲ್ಲಿ ಹೀಟರಿನ ಪೈಪು ಒಡೆದಿತ್ತಂತೆ,
ಬೇಲಿಯ ತಂತಿ ಸುತ್ತಿ, ಕೆಟಲಿನ ನೀರು ಹೊಯ್ದು,
ಮನೆ ಸೇರಿದನಂತೆ. ಇಷ್ಟು ಸಣ್ಣದನ್ನೆಲ್ಲ ಹೇಳುವುದೇನೆಂದು…

ಥ್ರಾಟಲಿನ ಹೊಟ್ಟೆಯಡಿ ಮೇಣ ತುಂಬಿದ ಗುಳಿಗೆಯೊಂದಿದೆ.
ಬಿಸಿನೀರು ಸವರಿ ಹೋದರೆ ಉಬ್ಬಿ
ಗಾಳಿಯ ಕಿಂಡಿ ಮುಚ್ಚುವುದಷ್ಟೇ ಅದರ ಕೆಲಸ.
ನೀರು ಬರಬೇಕಾದಲ್ಲಿ ಗುಳ್ಳೆ ಬಂದು ಕೂತಿತ್ತು.
ಗುಳಿಗೆಗೆ ಇನ್ನೂ ಬೆಳಗಿನ ಆರು ಗಂಟೆ, ಹೊರಗೆ ಹಿಮ;
ಕಿಂಡಿ ತೆರೆದೇ ಇಟ್ಟಿತ್ತು, ಪಾಪ, ಎಂಜಿನ್ನಿಗೆ ಚಳಿಯೆಂದು.
ಆಚೆಯ ಸೆನ್ಸರಿಗೆ ಆಗಲೇ ನಡುಮಧ್ಯಾಹ್ನ:
ನಿಂತಲ್ಲೇ ಇಷ್ಟು ಓಟವೇ ಎಂದು ಪೆಟ್ರೋಲಿಗೆ ಅಡ್ಡ ಹಾಕಿತು,
ಮುಳ್ಳು ಬಿತ್ತು;
ಸತ್ತೇಹೋದೀತೆಂದು ಬಿಟ್ಟಿತು,
ಮುಳ್ಳು ಎದ್ದಿತು.
ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.
ಇಬ್ಬರನ್ನೂ ಒಂದೇ ನೀರು ಮುಟ್ಟಿರಲಿಲ್ಲ, ಅಷ್ಟೆ.

ಹೊಸ ಪೈಪು ಹಾಕಿ, ಮೂತಿ ಮೇಲಾಗುವಂತೆ
ಪಿಕಪ್ಪನ್ನು ದಿಣ್ಣೆಗೆ ಹತ್ತಿಸಿ ನಿಲ್ಲಿಸಿದೆವು.
ತಣಿದ ರೇಡಿಯೇಟರಿನ ಮುಚ್ಚಳ ತೆಗೆದು, ಹೀಟರ್ ಪೂರಾ ತಿರುಗಿಸಿ,
ಚಾಲೂ ಮಾಡಿ, ಹಸಿರು ಕೂಲೆಂಟು ಹೊಯ್ಯುತ್ತ ಕಾದೆವು.
ಸಣ್ಣ ಗುಳ್ಳೆಗಳು ಬಂದವು, ತುಟಿ ಚಪ್ಪರಿಸಿದ ಹಾಗೆ.
ಆಮೇಲೆ ಏನೂ ಇಲ್ಲ.
ಆಮೇಲೆ, ಗುಳಕ್,
ಜೂನ್ ತಿಂಗಳಿಂದ ಒಳಗೆ ಕೂತಿದ್ದ ಮುಷ್ಟಿಯಷ್ಟು ಗಾಳಿ
ಎದ್ದು ಹೊರಟು ಊರಿನ ಗಾಳಿಯನ್ನು ಸೇರಿಕೊಂಡಿತು.

ಸಾವಿರದ ಐನೂರು. ಸಾವಿರ. ಎಂಟುನೂರು.
ಮುಳ್ಳು ಅಲ್ಲೇ ಕೂತಿತು.
ತಗಡಿನ ಸದ್ದು ಮತ್ತೆ ಕೇಳಿಸತೊಡಗಿತು.

ಐಲೆನ್ ಬೂಟು ಬಿಚ್ಚಿ, ಎರಡೂ ಪಾದ
ಹೀಟರಿನ ಬಾಯಿಗೆ ಹಿಡಿದು ಕೂತಳು, ಇಳಿಯೆನೆಂದಳು.
ಎಷ್ಟಾಯಿತೆಂದ ಓವಿಡಿಯೊ.
ಪೈಪಿನದು ಕೊಡು, ಕೂಲೆಂಟಿನದು ಕೊಡು, ಅಂದೆ.
ಗ್ಯಾಸ್ಕೆಟ್ಟಿನದು ಬೇಡ,
ಅದು ನನ್ನ ಕಿವುಡಿನ ಬಾಬ್ತು.