ಮಣ್ಣು ಮೆತ್ತುವ ವಾರ

ಫಲಕದಲ್ಲಿ ಹನ್ನೊಂದು ಸಾಲು.
ಇಸವಿಯಿದೆ, ಪಾದ್ರಿಯ ಹೆಸರಿದೆ,
ಕಡಲಾಚೆ ಕೂತು ಅಪ್ಪಣೆ ಕೊಟ್ಟ ದೊರೆಯ ಹೆಸರಿದೆ,
ಗೋಡೆ ಎಷ್ಟು ಅಡಿ ದಪ್ಪವೆಂಬುದೂ ಇದೆ.
ಕಟ್ಟಿದ್ದು ಯಾರು?
‘ಕಟ್ಟಲಾಯಿತು’ ಎಂದಿದೆ.

ಗುರುವಾರದಿಂದ ಸೋಮವಾರದವರೆಗೆ
ಆ ಹನ್ನೊಂದು ಸಾಲನ್ನು ಬಾಯಲ್ಲಿ ಹೇಳುವುದು ನನ್ನ ಕೆಲಸ.
ಅಗಲ ಅಂಚಿನ ಟೋಪಿ, ಎದೆಯ ಮೇಲೆ ತಗಡು: ಒತೀಲಿಯಾ ಸೆರ್ನಾ.
ಬಸ್ಸಿಳಿದವರು ಕೇಳುತ್ತಾರೆ:
ನೀವು ಸ್ಪೇನಿನವರೋ, ಮೆಕ್ಸಿಕೋದವರೋ?
ನ್ಯೂ ಮೆಕ್ಸಿಕೋದ ಈ ಕಣಿವೆಯವಳು ಎಂದರೆ
ಪ್ರಶ್ನೆ ಅರ್ಥವಾಗಲಿಲ್ಲವೇನೋ ಎಂದುಕೊಂಡು
ಮತ್ತೆ ಕೇಳುತ್ತಾರೆ, ನಿಧಾನವಾಗಿ, ಜೋರಾಗಿ.

ಮಂಗಳವಾರ ರಜೆ. ಈ ವಾರ ಇಗರ್ಜಿಗೆ ಮಣ್ಣು ಮೆತ್ತುವುದು.
ನನ್ನಜ್ಜಿ ಎಪಿಮೇನಿಯಾ, ಎಂಬತ್ತಮೂರು,
ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು
ಗಂಡಸರ ಕೆಲಸಕ್ಕೆ ಮೂಗು ಮುರಿಯುತ್ತಾಳೆ.
ತುಳಿಯುವುದು ಅವರು, ಮೆತ್ತುವುದು ಹೆಂಗಸರು,
ಹದ ನೋಡುವುದು ಅವಳೊಬ್ಬಳೇ.
ಒಂದುಂಡೆ ಹಿಚುಕಿ, ಬೆರಳಸಂದಿಯಲ್ಲಿ ಇಣುಕಿದ್ದನ್ನು ನೋಡಿ,
‘ಇನ್ನೆರಡು ಬುಟ್ಟಿ ಹುಲ್ಲು.’

ನೀರು ಹಳೇ ಕಾಲುವೆಯದು. ಅಸೇಕಿಯಾ ಅನ್ನುತ್ತೇವೆ,
ಅರಬರ ಮಾತು; ಸ್ಪೇನಿನಲ್ಲಿ ನೆಲೆಸಿ, ಹಡಗು ಹತ್ತಿ,
ಯಾರದೋ ಗುದ್ದಲಿಗೆ ಮೆತ್ತಿಕೊಂಡು ಇಲ್ಲಿಗೆ ಬಂತು.
ಈ ಹಸಿ ಇಟ್ಟಿಗೆಯ ಹೆಸರಂತೂ ನೈಲ್ ದಡದ್ದು.
ಪದಗಳನ್ನು ಯಾರೂ ಕೇಳುವುದಿಲ್ಲ, ನಿಮ್ಮದು ಯಾವೂರು ಅಂತ.

ಅರವತ್ತು ವರ್ಷದ ಹಿಂದೆ ಯಾರೋ ಬುದ್ಧಿವಂತರು
ಮಣ್ಣಿನ ಮೇಲೆ ಸಿಮೆಂಟು ಬಳಿದು ಕೈ ತೊಳೆದುಕೊಂಡಿದ್ದರು.
ನೀರು ಒಳಗೇ ಕೂತಿತು.
ಹೊರಗೆ ಅಚ್ಚುಕಟ್ಟು ಗೋಡೆ, ಒಳಗೆ ಬುಡವೆಲ್ಲ ಅಂಬಲಿ.
ಹೋದ ತಿಂಗಳು ಫ್ರೋಯ್ಲಾನ್ ಮಾಮ ಉಳಿ ಹಾಕಿದ.
ಚಕ್ಕೆ ಚಕ್ಕೆಯಾಗಿ ಉದುರಿತು ಸಿಮೆಂಟು,
ಹಿಂದೆಯೇ ಮೆಕ್ಕೆಜೋಳದ ಬೆಂಡು, ಕುರಿಯ ಮೂಳೆ,
ಯಾರದೋ ಅಂಗಿಯ ಗುಂಡಿ.
ಆಮೇಲೆ ಬಡಗಣ ಗೋಡೆಯಲ್ಲಿ, ನನ್ನ ಸೊಂಟದೆತ್ತರಕ್ಕೆ,
ಒಂದು ಅಂಗೈ.

ಗೋಡೆಗೂ ಕಿವಿಯಿರುತ್ತದೆ ಅನ್ನುತ್ತಾರೆ.
ಇದಕ್ಕೆ ಕೈಯಿತ್ತು. ನನ್ನ ಕೈಯ ಅರ್ಧದಷ್ಟು.

ಸಾಂತಾ ಫೆಯಿಂದ ತಜ್ಞರು ಬಂದರು.
ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೋ ತೆಗೆದರು.
ಯಾವ ಶತಮಾನದ್ದೋ ಹೇಳಲಾಗದು ಎಂದರು.
ಒಂದು ಗಾಜು ಕೂರಿಸೋಣ, ಜನ ನೋಡಲಿ, ಎಂದರು.

ಅಂದು ರಾತ್ರಿ ದೀಕ್ಷಾಸ್ನಾನದ ಪುಸ್ತಕದ ನಕಲು ತೆಗೆದೆ.
ನಮ್ಮ ಮನೆತನದವಳು, ಎಂಟು ತಲೆ ಹಿಂದಿನವಳು:
‘ಮರಿಯಾ. ಸುಮಾರು ಏಳು ವರ್ಷ.
ಬಯಲಿನವರಿಂದ ಎರಡು ಕುದುರೆಗೆ ಕೊಂಡದ್ದು.
ತಂದೆತಾಯಿ ಗೊತ್ತಿಲ್ಲ.’
ಕೊಂಡವನ ಹೆಸರು ಮಾತ್ರ ಪೂರ್ತಿಯಿದೆ, ನಾಲ್ಕು ತುಂಡು.
ಕೊನೆಯ ತುಂಡು ನನ್ನೆದೆಯ ತಗಡಿನಲ್ಲಿ.

ಆ ಕೈ ಇವಳದೇ ಎಂದು ನಾನು ಹೇಳುತ್ತಿಲ್ಲ.
ಹೇಳಬೇಕೆಂಬ ಆಸೆ, ಅಷ್ಟೆ.

ಅಜ್ಜಿಗೆ ಓದಿ ಹೇಳಿದೆ. ಕೇಳಿಸಿಕೊಂಡಳು, ಮಲಗಿದಳು.
ಬೆಳಗ್ಗೆ ಎದ್ದವಳೇ ಬಡಗಣ ಗೋಡೆಗೆ ಹೋಗಿ
ನೀರು ಚಿಮುಕಿಸಿ, ಆ ಅಂಗೈ ಮೇಲೆ
ತನ್ನ ಅಂಗೈಯಿಂದ ಮಣ್ಣು ಮೆತ್ತಿದಳು,
ಕೂಸಿನ ಬೆನ್ನಿಗೆ ಎಣ್ಣೆ ತಿಕ್ಕುವಂತೆ
ಸುತ್ತ ಸುತ್ತ ಸವರಿದಳು.
ತಜ್ಞರು ಕೇಳಿದರೆ? ಎಂದೆ.
‘ಮಾರಿದ್ದು ಸಾಲದೆ?
ಇನ್ನು ಗಾಜಿನೊಳಗೂ ಇಡಬೇಕೆ?’

ಇವತ್ತು ಗುರುವಾರ. ಟೋಪಿ ಹಾಕಿದ್ದೇನೆ.
ಉಗುರುಸಂದಿಯ ಮಣ್ಣು ಹೋಗಿಲ್ಲ.
ಹನ್ನೊಂದು ಸಾಲು ಹೇಳಿ ಮುಗಿಸಿ
ಬಾಯಿ ತೆರೆದುಕೊಂಡೇ ನಿಂತಿದ್ದೆ,
ಡ್ರೈವರು ಹಾರ್ನ್ ಹೊಡೆದ.
ಅತ್ತ ಅಜ್ಜಿ ಬಕೆಟ್ಟಿನ ಮೇಲಿಂದ ಕೂಗುತ್ತಿದ್ದಾಳೆ:
ಬಡಗಣ ಮೂಲೆಗೆ ಹುಲ್ಲು ಕಡಿಮೆ ಬಿತ್ತು,
ಎರಡು ಚಳಿಗಾಲ ತಡೆದರೆ ಹೆಚ್ಚು.