ಅಲುಗಾಡಬೇಡಿ

ಆರು ಗಂಟೆಗೇ ಬಂದು ಟ್ರೈಪಾಡಿನ ಕಾಲು ಮರಳಿಗೆ ಊರಿದೆ.
ಅಲೆ ಬಂದು ಒಂದು ಕಾಲಿನ ಬುಡ ಸಡಿಲಿಸಿತು.
ಸರಿಸಿ ಊರಿದೆ; ಮತ್ತೆ ಬಂತು.
ಅಂಗಡಿಗೆ ಇವತ್ತು ರಜೆ. ಶಟರಿನ ಮೇಲೆ ಚೀಟಿ:
'ಅರ್ಜೆಂಟ್ ಪಾಸ್‌ಪೋರ್ಟ್ ಫೋಟೋದವರು
ಟಾಗೋರ್ ಬೀಚಿಗೆ ಬಂದು ಕೇಳಿ.'

ಇಪ್ಪತ್ತೇಳು ವರ್ಷ ನಾನು ಆಡಿದ್ದು ಮೂರೇ ಮಾತು:
ಗದ್ದ ತುಸು ಕೆಳಗೆ. ನಗಬೇಡಿ. ಅಲುಗಾಡಬೇಡಿ.
ಹಡಗು ಹತ್ತುವ ಹುಡುಗರು, ಮಸ್ಕತ್ತಿಗೆ ಹೊರಟ ನರ್ಸುಗಳು,
ಪಿಂಚಣಿಯ ಮುದುಕರು,
ನೀಲಿ ಪರದೆಯ ಮುಂದೆ ಉಸಿರು ಬಿಗಿಹಿಡಿದು
ಹೆಬ್ಬೆರಳಷ್ಟು ಜಾಗದಲ್ಲಿ ಕೂತವರೇ ಎಲ್ಲ.
ಇವತ್ತಿನ ಪರದೆಯೂ ನೀಲಿಯೇ.
ಗಿರಾಕಿ ಮಾತ್ರ ನಿಲ್ಲುವವನಲ್ಲ.

ಲೆನ್ಸು ನನ್ನದಲ್ಲ. ಅಂಕೋಲೆಯಲ್ಲಿ ಮದುವೆ ಫೋಟೋ ತೆಗೆಯುವ
ವಾಮನ ಬಾನಾವಳಿಕರ ಕೊಟ್ಟದ್ದು, ದಿನಕ್ಕೆ ಎಂಟುನೂರು.
ಒಳಗಾಜಿನಲ್ಲಿ ಉಪ್ಪುಗಾಳಿ ಬೆಳೆಸಿದ ಬೂಷ್ಟು,
ಜೇಡನ ಎಳೆಯಷ್ಟು ತೆಳ್ಳಗೆ.
'ಸೂರ್ಯನ ಕಡೆ ತಿರುಗಿಸದಿದ್ದರೆ ಗೊತ್ತಾಗುವುದಿಲ್ಲ' ಅಂದಿದ್ದ.
ವಿಮಾನಗಳು ಬರುವುದು ಸೂರ್ಯನ ಕಡೆಯಿಂದಲೇ ಎಂದು
ಪಾಪ, ಅವನಿಗಾದರೂ ಯಾರು ಹೇಳಿದ್ದರು?

ಹತ್ತೂವರೆಗೆ ಮೊದಲ ಮೂರು.
ಸದ್ದು ಕೇಳಿ ಕ್ಯಾಮರಾ ಎತ್ತಿದೆ; ಸದ್ದಿದ್ದಲ್ಲಿ ವಿಮಾನವಿಲ್ಲ.
ಅದಾಗಲೇ ಕಾಳಿ ಸೇತುವೆ ದಾಟಿ
ಸದಾಶಿವಗಡದ ನೆತ್ತಿ ಸವರಿ ಹೋಗಿತ್ತು,
ತನ್ನ ಗರ್ಜನೆಯನ್ನು ನನ್ನ ತಲೆಯ ಮೇಲೆ ಮರೆತು.
ಕಡಲೆ ಮಾರುವವನು ನಕ್ಕ: 'ಅಕ್ಕಾ, ಮೂತಿಯ ಮುಂದೆ ಹಿಡೀರಿ.
ಬಲೆ ಬೀಸೋದು ಮೀನಿದ್ದಲ್ಲಿ ಅಲ್ಲ.'
ಬೀಸಿದೆ. ಬಾಲ. ರೆಕ್ಕೆಯ ತುದಿ. ಬರೀ ಹೊಗೆ.
ಒಂದು ಗರುಡ, ತೀರಾ ಸ್ಪಷ್ಟ, ನನಗೆ ಬೇಡದ್ದು.
ಯಾರದೋ ಮಗುವಿನ ಕಿವಿ ಮುಚ್ಚಿದ ಕೈ.

'ನೀನು ಸುಲಭಾ ಅಲ್ಲವನಾ, ಸ್ಟುಡಿಯೋದವಳು?'
ಪಕ್ಕದಲ್ಲಿ ಬುಟ್ಟಿ ಇಳಿಸಿದವಳು ಮಾಣಕಿ ಹರಿಕಂತ್ರ.
ನನಗೆ ನೆನಪಾದದ್ದು ಮುಖವಲ್ಲ, ನೆಗೆಟಿವ್.
ಅರ್ಗಾದ ಮನೆಗಳಿಗೆ ನಂಬರು ಬರೆದ ಕಾಲ;
ಪರಿಹಾರದ ಅರ್ಜಿಗೆಂದು ಸಾಲಾಗಿ ಬಂದವರಲ್ಲಿ
ಅಲುಗಾಡಿದವಳು ಇವಳೊಬ್ಬಳೇ.
ಮೂರು ಸಲ ತೆಗೆದೆ. ಮೂರು ಸಲವೂ
ಬಾಗಿಲ ಕಡೆ ತಿರುಗಿದ್ದಳು.

'ಅದು ವಾಲ್ತದಲ್ಲ, ಬೈತಖೋಲ ಗುಡ್ಡದ ಆಚೆ,
ಸರೀ ಅಲ್ಲಿ, ಕೆಳಗೆ, ನಮ್ಮ ಬಾವಿ.
ನಿನ್ನ ದುರ್ಬೀನಿಗೆ ಕಾಣ್ತದಾ?'
ಗುಡ್ಡ ಅಡ್ಡ ಇದೆ, ಬಾಯೇ, ಅಂದೆ.
ಬೇಲಿಯೂ ಇದೆ ಅನ್ನಲಿಲ್ಲ; ಅದು ಅವಳಿಗೇ ಗೊತ್ತು.
'ಮೇಲಿನ ಹುಡುಗನಿಗೆ?'
ಅವನಿಗೆ ಕಾಣಬಹುದು.
'ಸಿಹಿನೀರು,' ಅಂದಳು, 'ಕಡಲಿಗೆ ಇಪ್ಪತ್ತು ಮಾರು ದೂರ ಇದ್ದರೂ.
ಮುಚ್ಚಿದರೋ ಬಿಟ್ಟರೋ.
ಅವನು ಇಳಿದ ಮೇಲೆ ಕೇಳಬಹುದಾ?'

ಮಧ್ಯಾಹ್ನ ಹೆಲಿಕಾಪ್ಟರು, ಹಗ್ಗಕ್ಕೆ ಜೋತ ಸೈನಿಕರು,
ಬಾವುಟ, ಚಪ್ಪಾಳೆ, ಮೈಕಿನಲ್ಲಿ ಹಿಂದಿ.
ಅವಳು ಯಾವುದಕ್ಕೂ ತಲೆ ಎತ್ತಲಿಲ್ಲ.
ನಾಲ್ಕಕ್ಕೆ ಕೊನೆಯದು, ಒಂಟಿ,
ಲೈಟ್‌ಹೌಸಿನ ದ್ವೀಪವನ್ನು ಸುತ್ತಿ ತೆಂಕಣಕ್ಕೆ ಹೊರಳಿತು.
ನನಗಿನ್ನೂ ಸದ್ದು ಮುಟ್ಟಿರಲಿಲ್ಲ.
'ಈಗ' ಅಂದಳು ಮಾಣಕಿ.
ಒತ್ತಿದೆ.

ಆರುನೂರ ನಲವತ್ತರಲ್ಲಿ ಉಳಿದದ್ದು ಅದೊಂದೇ:
ಗುಡ್ಡದ ಅಂಚು, ಜೀರಿಗೆ ಕಾಳಿನಷ್ಟು ವಿಮಾನ,
ಅದರ ಹಿಂದೆ, ಹಗ್ಗ ಕೊಡಕ್ಕೆ ಬಾಗುವ ಹಾಗೆ, ಬಾಗಿದ ಹೊಗೆ.

ಬುಧವಾರ ಬಂದಳು. ಕೌಂಟರಿನ ಗಾಜಿನ ಮೇಲೆ ಫೋಟೋ ಇಟ್ಟೆ.
ವಿಮಾನ ನೋಡಲಿಲ್ಲ. ಹೊಗೆಯ ಮಡಿಕೆಯಿಂದ
ಬೆರಳನ್ನು ನೇರ ಇಳಿಸಿದಳು, ಗುಡ್ಡದ ಮೇಲೆ ಹಾದು,
ಬಿಳಿ ಅಂಚು ದಾಟಿ, ಫೋಟೋ ಮುಗಿದು,
ಬರೀ ಗಾಜಿನ ಮೇಲೆ ನಿಲ್ಲಿಸಿದಳು.
ಆ ಬೆರಳು ಅಲುಗಾಡಲಿಲ್ಲ.

'ಬಾವಿ ಇಲ್ಲಿ.
ತುಸು ಕೆಳಗೆ ಹಿಡಿಯಬೇಕಿತ್ತು, ನೀನು.'