ಇವರು

"ನೀನೇ ಬರಕೊಂಡ ಬಾ, ನಾ ಸಹಿ ಒಗೀತೀನಿ"
ಅಂದ್ರು ದೇಗಾಂವಕರ ಡಾಕ್ಟರು,
ಪೇಶಂಟಿನ ನಾಲಗಿ ನೋಡ್ತಾ, ನನ್ನ ಮಾರಿ ನೋಡದ.
ಕಲಬುರಗಿ ದವಾಖಾನಿಯವರಿಗೆ ಪತ್ರ ಕನ್ನಡದಾಗ ಬೇಕು.
ನಮ್ಮ ದುಧನಿ ಡಾಕ್ಟರಿಗೆ ಕನ್ನಡ ಮಾತು ಬರತದ,
ಅಕ್ಷರ ಬರೂದಿಲ್ಲ.

ರಾತ್ರಿ ರೊಟ್ಟಿ ಮುಗಿಸಿ, ಕೈ ಒರಸಿಕೊಂಡು,
ಮಗಳ ನೋಟಬುಕ್ಕಿನ ನಡುವಿನ ಹಾಳಿ ಹರದು ಕುಂತೆ.
ಮೊದಲನೇ ಸಾಲಿನಾಗೇ ಪೆನ್ನು ನಿಂತಿತು:
ಇವಳು ಅನ್ನಲೋ, ಇವರು ಅನ್ನಲೋ?
ನನಗ ನಾನೇ ಬಹುವಚನ ಹಚ್ಚಿಕೊಳ್ಳೂದಂದ್ರ
ಮಂದೀ ಸೀರಿ ಉಟಗೊಂಡು ಲಗ್ನಕ್ಕ ಹೋದಂಗ.
ಆದರೂ ಉಟ್ಟೆ.

'ಶ್ರೀಮತಿ ಮಹಾನಂದಾ ಶರಣಪ್ಪ ಬಿರಾಜದಾರ ಇವರು
ನಮ್ಮಲ್ಲಿ ಹನ್ನೊಂದು ವರ್ಷ ಸೇವೆ ಸಲ್ಲಿಸಿರುತ್ತಾರೆ.
ಪ್ರಾಮಾಣಿಕರು. ಸಮಯಪಾಲಕರು. ಮೃದುಭಾಷಿಗಳು.'

ಮೃದುಭಾಷಿಗಳು!
ಔಷಧ ಕಂಪನಿ ಹುಡುಗನ್ನ ಕೇಳ್ರಿ, ಬಿಲ್ಲಿನಾಗ
ನಾಕ್ನೂರು ರೂಪಾಯಿ ಹೆಚ್ಚು ಹಾಕಿದಾವನ್ನ.
ಹೊಡದು ಹಾಕಿದೆ. ಮತ್ತ ಬರದೆ.
ಹೆಂಗಸರ ಸರ್ಟಿಫಿಕೇಟಿನಾಗ ಅದು ಇರಲೇಬೇಕಂತ.

ಡಾಕ್ಟರು ಪುಣೆಕ್ಕ ಹೋದ ರಾತ್ರಿ
ಕಬ್ಬಿನ ಟ್ರ್ಯಾಕ್ಟರಿಗೆ ಕಾಲು ಕೊಟ್ಟು ಬಂದ ಹುಡುಗಗ
ಫೋನಿನಾಗ ಅವರು ಹೇಳಿದಂಗ ಏಳು ಹೊಲಿಗಿ ಹಾಕಿದಾಕಿ ನಾನು.
ಬರದ್ರ ಅವರಿಗೆ ತ್ರಾಸು,
ಬರೀದಿದ್ರ ನನಗ.
'ತುರ್ತು ಸಂದರ್ಭಗಳಲ್ಲಿ ಧೈರ್ಯಗೆಡುವುದಿಲ್ಲ.'
ಏಳು ಹೊಲಿಗಿ ಮೂರು ಶಬ್ದದಾಗ ಮುಚ್ಚಿಹೋದವು.
ಹುಡುಗ ಈಗ ಕುಂಟದೇ ನಡೀತಾನ.

ಆಮ್ಯಾಲ ಕೈ ತಾನೇ ಒಂದು ಸಾಲು ಇಳಿಸಿತು,
ಅವರ ದನಿಯೊಳಗ:
'ಈ ಹನ್ನೊಂದು ವರ್ಷಗಳಲ್ಲಿ ನಾನು ಇವರನ್ನು
ಒಮ್ಮೆಯೂ ಹೆಸರಿನಿಂದ ಕರೆದಿರುವುದಿಲ್ಲ.'
"ಏ ಪೋರಿ" ಅಂತಾರ, ಇವತ್ತಿಗೂ.
ನನ್ನ ಪೋರಿಗೇ ಈಗ ಹದಿನಾಲ್ಕು.

ಮುಂಜಾನೆ, ಅವರ ಹೆಸರು ಮರಾಠಿಯಾಗ ಅಚ್ಚಾದ ಹಾಳಿ ಮ್ಯಾಲ
ಛಂದಂಗ ನಕಲು ಮಾಡಿ ಮುಂದಿಟ್ಟೆ.
"ಓದು" ಅಂದ್ರು, ಕಿವಿಯಿಂದ ನಳಿಗಿ ಇಳಿಸಿ.
ಓದಿದೆ.
ಒಂದು ಸಾಲು ಜಿಗಿದು ಓದಿದೆ.
ಬಾಗಲದಾಗ ಜ್ವರ ಹೊತ್ತು ಕುಂತ ಮುದುಕಿ ಕೇಳಿದಳು,
"ಯಾರವ್ವಾ ಇಕಿ, ಇಷ್ಟು ಶಾಣ್ಯಾಕಿ?"
"ಛಲೋ ಬರದೀನಲ್ಲ ನಾನು!" ಅಂತ ಡಾಕ್ಟರು ನಕ್ಕು
ಸಹಿ ಒಗದ್ರು. ಅದರ ಬಾಲ
ಜಿಗಿದ ಸಾಲಿನ ಮ್ಯಾಲ ಹಾದು ಹೋತು.

ಶಿಕ್ಕಾ ಹೊಡಿಯೂದು ಮೊದಲಿಂದಲೂ ನಂದೇ ಕೆಲಸ.
ಪ್ಯಾಡು ಒಣಗಿತ್ತು.
ರಬ್ಬರಿನ ಮ್ಯಾಲ ಬಾಯಿ ತೆರದು ಬಿಸಿ ಉಸಿರು ಬಿಟ್ಟೆ,
ಒತ್ತಿ ಹಿಡದೆ.
ಅವರ ಹೆಸರು ಮೂಡಿತು,
ತುಸು ಸೊಟ್ಟ.